ದೊಡ್ಡ ಗಾಡಿ, ಸಣ್ಣ ಗಾಡಿ: ಗಡಿನಾಡಿನ ತವರು ದಾರಿಯ ಇತಿಹಾಸ

ಸೊಲ್ಲಾಪುರ ಜಿಲ್ಲೆಯ ಕನ್ನಡಿಗರ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಸೊನ್ನಲಿಗೆಯ ಸಿದ್ಧರಾಮೇಶ್ವರರಿಂದ ಆರಂಭಿಸುತ್ತಾರೆ. ಆಮೇಲೆ ಶಾಸನಗಳ ಪ್ರಸ್ತಾಪ ಬರುತ್ತದೆ. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಸೊಲ್ಲಾಪುರದಲ್ಲಿ ಜರುಗಿದ ಕನ್ನಡ ಸಾಹಿತ್ಯ ಸಮ್ಮೇಳನದ ನೆನಪು ಬರುತ್ತದೆ. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದ ಪ್ರಥಮ ಮಹಿಳೆ ನಮ್ಮ ಜಯದೇವಿತಾಯಿ ಲಿಗಾಡೆಯವರು ಎಂಬ ಹೆಮ್ಮೆಯ ಮಾತು ಬರುತ್ತದೆ. ಕೊನೆಯಲ್ಲಿ 1956ರ ರಾಜ್ಯ ಪುನರ್ವಿಂಗಡಣೆ ಮತ್ತು ಅದರ ಪರಿಣಾಮಗಳ ಚರ್ಚೆ ಇರುತ್ತದೆ. ಇವೆಲ್ಲ ಅಗತ್ಯವಾದ ವಿಷಯಗಳೇ. ಇಂಥ ಸ್ಮರಣ ಸಂಚಿಕೆಗಳಲ್ಲಿ ಬಲ್ಲವರು ಅವನ್ನು ಹಲವು ಸಲ ಬರೆದಿದ್ದಾರೆ.

ಆದರೆ ಈ ಭಾಗದಲ್ಲಿ ಕನ್ನಡವು ಮನೆಮನೆಯ ಅಡುಗೆಮನೆಯಲ್ಲಿ ಹೇಗೆ ಉಳಿದುಕೊಂಡಿತು ಎಂಬ ಪ್ರಶ್ನೆಗೆ ಅವುಗಳಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ಅದಕ್ಕೆ ಉತ್ತರವನ್ನು ಹುಡುಕಬೇಕಾದರೆ ನಮ್ಮ ತಾಯಂದಿರು ಯಾವ ಊರಿನಿಂದ ಸೊಸೆಯಾಗಿ ಬಂದರು, ತವರಿಗೆ ಹೇಗೆ ಹೋಗಿಬರುತ್ತಿದ್ದರು ಎಂಬುದನ್ನು ನೋಡಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದ ಎಷ್ಟೋ ಕುಟುಂಬಗಳಿಗೆ ಆ ದಾರಿ ರೈಲು ದಾರಿಯಾಗಿತ್ತು. ಹೊಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾಯ್ದು ಗದಗಿಗೆ ಹೋಗುವ ಸುಮಾರು 284 ಕಿಲೋಮೀಟರುಗಳ ಆ ಹಳಿಯ ಕಥೆಯನ್ನು, ಬಾಲ್ಯದಲ್ಲಿ ಅದರ ಮೇಲೆ ಕುಟುಂಬ ಸಮೇತ ಪ್ರಯಾಣ ಮಾಡಿದವನ ನೆನಪುಗಳೊಂದಿಗೆ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ಹಳಿ ಬಂದ ಬಗೆ

ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರದಿಂದ ಠಾಣೆಗೆ ಓಡಿತೆಂಬುದು ಶಾಲಾ ಮಕ್ಕಳಿಗೂ ತಿಳಿದ ಸಂಗತಿ. ಅದನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿಯು ತನ್ನ ಆಗ್ನೇಯ ಮಾರ್ಗವನ್ನು ಪುಣೆಯಿಂದ ಮುಂದಕ್ಕೆ ಒಯ್ದು 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿಸಿತು. ಮುಂದಿನ ದಶಕದಲ್ಲಿ ಆ ಹಳಿ ಅಕ್ಕಲಕೋಟೆ ಸಂಸ್ಥಾನದ ಸೀಮೆಯನ್ನು ಹಾಯ್ದು, ಕಲಬುರಗಿಯನ್ನು ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿತು. ಮುಂಬಯಿ ಮತ್ತು ಮದ್ರಾಸುಗಳನ್ನು ಜೋಡಿಸುವುದು ಕಂಪನಿಯ ಉದ್ದೇಶ. ನಡುವೆ ಇರುವ ನಮ್ಮ ಊರುಗಳು ಅದರ ಲೆಕ್ಕದಲ್ಲಿ ಮುಖ್ಯವಾಗಿರಲಿಲ್ಲ. ಆದ್ದರಿಂದಲೇ ಹಳಿಯು ಅಕ್ಕಲಕೋಟೆ ಪಟ್ಟಣದಿಂದ ಸಾಕಷ್ಟು ದೂರದಲ್ಲಿ ಹಾದುಹೋಯಿತು, ನಿಲ್ದಾಣಕ್ಕೆ ‘ಅಕ್ಕಲಕೋಟ ರೋಡ್’ ಎಂಬ ಹೆಸರಾಯಿತು. ಊರು ಬೇರೆಡೆಗಿದ್ದು, ಊರಿಗೆ ಹೋಗುವ ದಾರಿಯಲ್ಲಿ ಮಾತ್ರ ನಿಲ್ದಾಣವಿದ್ದರೆ ರೈಲಿನವರು ‘ರೋಡ್’ ಎಂದು ಸೇರಿಸುವುದು ರೂಢಿ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್, ಗುಳೇದಗುಡ್ಡ ರೋಡ್ ಇವೆಲ್ಲ ಅದೇ ಬಗೆಯ ಹೆಸರುಗಳು. ಹೀಗಾಗಿ ನಮ್ಮ ಕಡೆಯ ರೈಲು ಪ್ರಯಾಣ ಯಾವಾಗಲೂ ಚಕ್ಕಡಿಯಲ್ಲಿ ಆರಂಭವಾಗುತ್ತಿತ್ತು.

ಎರಡನೆಯ ಹಳಿಯ ಕಥೆ ಇದಕ್ಕಿಂತ ದಾರುಣವಾದುದು. ಧಾತು ಸಂವತ್ಸರದ ಬರವೆಂದು ಹಿರಿಯರು ಹೇಳುತ್ತಿದ್ದ 1876–78ರ ಮಹಾ ಕ್ಷಾಮದಲ್ಲಿ, ಅಂದು ಕಲಾದಗಿ ಜಿಲ್ಲೆಯೆಂದು ಕರೆಯಲಾಗುತ್ತಿದ್ದ ವಿಜಾಪುರ ಸೀಮೆ ತತ್ತರಿಸಿಹೋಯಿತು. ಆ ಜಿಲ್ಲೆಯೊಳಗೆ ಆಗ ರೈಲು ಇರಲಿಲ್ಲ. ದೂರದ ನಿಲ್ದಾಣಗಳಿಗೆ ಕಾಳು ಬಂದರೂ ಅಲ್ಲಿಂದ ಮುಂದೆ ಬಂಡಿಗಳಲ್ಲಿ ಸಾಗಿಸಬೇಕು. ಬಂಡಿಯ ಎತ್ತುಗಳಿಗೇ ಮೇವಿಲ್ಲದಾಗ ಸಾಗಿಸುವವರಾರು? 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಭಾಗದಷ್ಟು ಕುಸಿಯಿತು. 1880ರಲ್ಲಿ ವರದಿ ಸಲ್ಲಿಸಿದ ಕ್ಷಾಮ ಆಯೋಗವು ಬರಪೀಡಿತ ಪ್ರದೇಶಗಳಿಗೆ ರೈಲು ಮಾರ್ಗ ಬೇಕೆಂದು ಒತ್ತಿ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪಿತವಾಯಿತು, 1884ರಲ್ಲಿ ಹೊಟಗಿ–ಗದಗ ಮಾರ್ಗ ತೆರೆಯಿತು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಮುಂದೆ 1908ರಲ್ಲಿ ಆ ಕಂಪನಿಯು ಮದ್ರಾಸ್ ರೈಲ್ವೆಯ ಒಂದು ಭಾಗದೊಡನೆ ಸೇರಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿಕೊಂಡಿತು. ನಮ್ಮ ಹಿರಿಯರ ಬಾಯಲ್ಲಿ ಅದು ಕೊನೆಯವರೆಗೂ ‘ಎಮ್ಮೆಸ್ಸೆಮ್’.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಲೇಬೇಕು. ಮುಂಬಯಿ–ಮದ್ರಾಸ್ ಮಾರ್ಗದಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಅದು ಬ್ರಾಡ್‌ಗೇಜ್. ಖರ್ಚು ಕಡಿಮೆಯಾಗಲೆಂದು ಗದಗ ಮಾರ್ಗವನ್ನು ಮೀಟರ್‌ಗೇಜಿನಲ್ಲಿ, ಅಂದರೆ 1000 ಮಿಲಿಮೀಟರ್ ಅಂತರದಲ್ಲಿ ಹಾಕಿದರು. ಒಂದರ ಗಾಡಿ ಇನ್ನೊಂದರ ಮೇಲೆ ಓಡಲಾರದು. ಹೀಗೆ ಹೊಟಗಿಯೆಂಬ ಚಿಕ್ಕ ಊರು ಎರಡು ಕಂಪನಿಗಳು, ಎರಡು ಅಳತೆಯ ಹಳಿಗಳು ಎದುರುಬದುರಾಗುವ ಜಂಕ್ಷನ್ ಆಯಿತು. ನಮ್ಮ ಮನೆಯಲ್ಲಿ ಈ ಅಳತೆಗಳ ಗೊಡವೆ ಯಾರಿಗೂ ಇರಲಿಲ್ಲ. ಹೊಟಗಿಯವರೆಗೆ ‘ದೊಡ್ಡ ಗಾಡಿ’, ಅಲ್ಲಿಂದ ಮುಂದೆ ‘ಸಣ್ಣ ಗಾಡಿ’.

ಬುತ್ತಿ ಕಟ್ಟುವ ದಿನ

ನನಗೆ ನೆನಪು ಮೂಡುವ ಹೊತ್ತಿಗೆ, ಎಂದರೆ 1957–58ರ ಸುಮಾರಿಗೆ, ನಮ್ಮ ತಂದೆಯವರು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ನಮ್ಮವ್ವನ ತವರು ಬಾಗಲಕೋಟೆ. ವರ್ಷಕ್ಕೊಮ್ಮೆ ಬೇಸಿಗೆಯ ಸೂಟಿಯಲ್ಲಿ ನಾವೆಲ್ಲರೂ ಹೋಗುವುದು ನಿಶ್ಚಿತ. ನಾಗರ ಪಂಚಮಿಗೆ ಅವ್ವನನ್ನು ಕರೆದೊಯ್ಯಲು ಸೋದರಮಾವ ಬರುತ್ತಿದ್ದರು, ಆಗ ಚಿಕ್ಕ ಮಕ್ಕಳಿಗೆ ಮಾತ್ರ ಅವಕಾಶ. ಇವಲ್ಲದೆ ಮದುವೆ, ಕುಬಸ, ಬಾಣಂತನ, ಸಾವುನೋವುಗಳೂ ಇದ್ದವು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಬದುಕಿನಲ್ಲಿ ತವರಿಗೆ ಹೋಗುವ ಸಂದರ್ಭಗಳೆಲ್ಲ ಪದ್ಧತಿಯಿಂದ ಗೊತ್ತಾದವು. ನಮ್ಮ ಭಾಗದಲ್ಲಿ ಆ ಪದ್ಧತಿಯು ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿತ್ತು.

ಎರಡು ದಿನ ಮೊದಲೇ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಗುತ್ತಿತ್ತು. ಕೆಡದಂತಿರಲು ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಮೊದಲ ಹೊತ್ತಿನ ಊಟಕ್ಕೆ ಮೆತ್ತನೆಯ ರೊಟ್ಟಿ, ಪುಂಡಿಪಲ್ಯ, ಮೊಸರನ್ನ. ಅಜ್ಜಿಗೆಂದು ಪ್ರತ್ಯೇಕವಾಗಿ ಶೇಂಗಾ ಹೋಳಿಗೆ. ಮಾವನ ಮನೆಗೆ ಸೊಲ್ಲಾಪುರದ ಚಾದರು. ಇವನ್ನೆಲ್ಲ ಕಬ್ಬಿಣದ ಟ್ರಂಕಿಗೂ ಅರಿವೆಯ ಗಂಟಿಗೂ ಹಂಚಿ, ಹಾಸಿಗೆಯ ಸುರುಳಿಯನ್ನು ಹಗ್ಗದಿಂದ ಬಿಗಿದು, ಬಾಯಿಗೆ ಲೋಟ ಮುಚ್ಚಿದ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿಕೊಂಡರೆ ಸಿದ್ಧತೆ ಮುಗಿಯಿತು. ಕೋಳಿ ಕೂಗುವ ಮೊದಲೇ ಚಕ್ಕಡಿ ಹೂಡಬೇಕು. ಮಕ್ಕಳು ಹುಲ್ಲಿನ ಮೇಲೆ ಹಾಸಿದ ಕೌದಿಯಲ್ಲಿ ಅರೆನಿದ್ದೆಯಲ್ಲಿಯೇ ನಿಲ್ದಾಣ ಸೇರುತ್ತಿದ್ದರು.

ಟಿಕೆಟ್ಟು ಎಂದರೆ ಆಗ ದಪ್ಪ ರಟ್ಟಿನ ಚಿಕ್ಕ ತುಂಡು. ಗುಮಾಸ್ತರು ಅದನ್ನು ಯಂತ್ರದ ಬಾಯಿಗೆ ಕೊಟ್ಟು ‘ಟಕ್’ ಎನಿಸಿ ದಿನಾಂಕ ಒತ್ತುತ್ತಿದ್ದರು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ. ನಮ್ಮಣ್ಣನಿಗೆ ಹನ್ನೆರಡು ತುಂಬಿದ ವರ್ಷ ಅಪ್ಪ ಅವನಿಗೆ ಪೂರ್ತಿ ಟಿಕೆಟ್ಟು ಕೊಂಡಾಗ, ಬೀಳ್ಕೊಡಲು ಬಂದಿದ್ದ ನಮ್ಮ ಹಿರಿಯಜ್ಜಿ, “ಹುಡುಗ ನೋಡಾಕ ಎಷ್ಟ್ ಸಣ್ಣಾಂವ ಅದಾನ, ಯಾರ ಕೇಳ್ತಾರ?” ಎಂದು ವಾದಿಸಿದ್ದುಂಟು. “ಕೇಳಿದರ ನಾ ಮಾಸ್ತರ ಇದ್ದೀನಿ ಅಂತ ಹ್ಯಾಂಗ ಹೇಳಲಿ, ಯವ್ವಾ?” ಎಂದು ಅಪ್ಪ ನಕ್ಕು ಟಿಕೆಟ್ಟನ್ನು ಅಣ್ಣನ ಕೈಗೇ ಕೊಟ್ಟರು. ಅವನು ಅದನ್ನು ಬಾಗಲಕೋಟೆಯವರೆಗೂ ಮುಷ್ಟಿಯಲ್ಲಿಯೇ ಹಿಡಿದುಕೊಂಡಿದ್ದ.

ಹೊಟಗಿ ಜಂಕ್ಷನ್

ದೊಡ್ಡ ಗಾಡಿಯ ಪ್ರಯಾಣ ಅಲ್ಪವೇ. ತಿಲಾಟಿ ದಾಟಿದರೆ ಹೊಟಗಿ. ಅಲ್ಲಿ ಇಳಿದು, ಸಾಮಾನು ಇಳಿಸಿ, ಎಣಿಸಿ, ಮತ್ತೆ ಹೊತ್ತು, ಸಣ್ಣ ಗಾಡಿಯ ಪ್ಲಾಟ್‌ಫಾರ್ಮಿಗೆ ಹೋಗಬೇಕು. ಅಪ್ಪ ಮುಂದೆ, ಹಿಂದೆ ಮಕ್ಕಳ ಸಾಲು, ಕೊನೆಗೆ ಕೂಸನ್ನು ಎತ್ತಿಕೊಂಡ ಅವ್ವ. ಗಾಡಿ ತಪ್ಪಿದರೆ ತಾಸುಗಟ್ಟಲೆ ಕಾಯುವುದೇ ಗತಿ. ಬೇವಿನ ಗಿಡದ ನೆರಳಿನಲ್ಲಿ ಹಾಸಿಗೆಯ ಸುರುಳಿ ಬಿಚ್ಚಿ, ಬುತ್ತಿಯ ಗಂಟು ಬಿಚ್ಚಿ ಕುಳಿತುಕೊಳ್ಳುತ್ತಿದ್ದೆವು. ಪಕ್ಕದಲ್ಲಿ ಕುಳಿತ ಮನೆತನದವರೊಂದಿಗೆ ಹಿಂಡಿ, ಉಪ್ಪಿನಕಾಯಿಗಳ ವಿನಿಮಯವಾಗುತ್ತಿತ್ತು. “ಯಾವೂರ್ರೀ ನಿಮ್ಮದು? ತವರ ಎಲ್ಲಿ?” ಎಂದು ಆರಂಭವಾದ ಮಾತು ಅರ್ಧ ತಾಸಿನೊಳಗೆ ಬೀಗತನದ ಯಾವುದಾದರೊಂದು ಎಳೆಗೆ ಮುಟ್ಟುತ್ತಿತ್ತು. ಹೊಟಗಿಯ ಆ ಪ್ಲಾಟ್‌ಫಾರ್ಮಿನಲ್ಲಿ ಕುದುರಿದ ಮದುವೆಗಳೂ ನಮ್ಮ ಬಳಗದಲ್ಲಿ ಇವೆ.

ಜಂಕ್ಷನ್ನಿನ ಇನ್ನೊಂದು ಬದಿಯಲ್ಲಿ ಹಮಾಲರ ದುಡಿಮೆ ನಡೆದಿರುತ್ತಿತ್ತು. ಹಳಿಯ ಅಳತೆ ಬೇರೆಯಾದ್ದರಿಂದ ಸಣ್ಣ ಗಾಡಿಯಲ್ಲಿ ಬಂದ ಅರಳೆಯ ಅಂಡಿಗೆ, ಕಾಳಿನ ಚೀಲಗಳನ್ನು ಬೆನ್ನ ಮೇಲೆ ಹೊತ್ತು ದೊಡ್ಡ ಗಾಡಿಗೆ ತುಂಬಬೇಕು, ಅಲ್ಲಿಂದ ಬಂದುದನ್ನು ಇಲ್ಲಿಗೆ ತುಂಬಬೇಕು. ಒಂದೂವರೆ ಮೊಳಕ್ಕೂ ಕಡಿಮೆಯಿರುವ ಅಳತೆಯ ವ್ಯತ್ಯಾಸವು ಎಷ್ಟು ಜನರ ಬೆನ್ನ ಮೇಲೆ ಬಿದ್ದಿತ್ತೆಂಬುದನ್ನು ಆಗ ಮಕ್ಕಳಾದ ನಾವು ಯೋಚಿಸಲಿಲ್ಲ. ಹಮಾಲರ ತಾಳಬದ್ಧ ಕೂಗು ಮಾತ್ರ ನಮಗೆ ಆಟವಾಗಿತ್ತು.

ಸಣ್ಣ ಗಾಡಿಯ ಮೂರನೆಯ ದರ್ಜೆಯಲ್ಲಿ ಕಟ್ಟಿಗೆಯ ಪಟ್ಟಿಗಳ ಬೆಂಚುಗಳು. ಕಿಟಕಿಯ ಬದಿಗೆ ಕುಳಿತವನ ಕಣ್ಣಿಗೆ ಕಲ್ಲಿದ್ದಲಿನ ಕಣ ಬೀಳುವುದು ಖಂಡಿತ. ಅವ್ವ ಸೆರಗಿನ ತುದಿಯನ್ನು ಬಾಯಿಯ ಬಿಸಿಯುಸಿರಿಗೆ ಹಿಡಿದು ಕಣ್ಣಿಗೆ ಒತ್ತುತ್ತಿದ್ದಳು. ಆದರೂ ಕಿಟಕಿಗಾಗಿ ಜಗಳ ನಿಲ್ಲುತ್ತಿರಲಿಲ್ಲ. ಇಡೀ ಮಾರ್ಗ ಒಂಟಿ ಹಳಿಯದಾದ್ದರಿಂದ ಎದುರು ಬರುವ ಗಾಡಿಗೆ ದಾರಿ ಬಿಡಲು ನಿಲ್ದಾಣಗಳಲ್ಲಿ ಕಾಯಬೇಕಾಗುತ್ತಿತ್ತು. ಚಾಲಕನು ಬೆತ್ತದ ದೊಡ್ಡ ಬಳೆಯೊಂದನ್ನು ನಿಲ್ದಾಣದವರಿಗೆ ಕೊಟ್ಟು ಇನ್ನೊಂದನ್ನು ಪಡೆಯುತ್ತಿದ್ದುದು ನಮಗೆ ದೊಡ್ಡ ಕೌತುಕ. ಅದಕ್ಕೆ ಕಟ್ಟಿದ ಚರ್ಮದ ಚೀಲದಲ್ಲಿ ಲೋಹದ ಗುಂಡು ಇರುತ್ತದೆ, ಅದು ಕೈಗೆ ಬಾರದೆ ಚಾಲಕನು ಮುಂದಿನ ಹಳಿಗೆ ಕಾಲಿಡುವಂತಿಲ್ಲ, ಒಂದು ಹಳಿಯ ತುಣುಕಿಗೆ ಒಂದೇ ಸಲಕ್ಕೆ ಒಂದೇ ಗುಂಡು ಹೊರಬೀಳುವುದರಿಂದ ಎರಡು ಗಾಡಿಗಳು ಎದುರುಬದುರು ಬರಲಾರವು ಎಂದು ಅಪ್ಪ ವಿವರಿಸಿದ್ದರು. ಮುಂದೆ ಶಿಕ್ಷಕನಾದಾಗ ಶಿಸ್ತಿನ ಪಾಠಕ್ಕೆ ನಾನು ಈ ಉದಾಹರಣೆಯನ್ನೇ ಬಳಸುತ್ತ ಬಂದೆ.

ಭೀಮೆಯಿಂದ ಕೃಷ್ಣೆಯವರೆಗೆ

ಸುಲೇರಜವಳಗಿ, ತಡವಳ ಕಳೆದು ಭೀಮಾ ನದಿಯ ಸೇತುವೆಯನ್ನು ದಾಟಿದರೆ ಇಂಡಿ ತಾಲೂಕು. ಪಡನೂರ, ಲಚ್ಯಾಣ, ಇಂಡಿ ರೋಡ್, ನಿಂಬಾಳ, ಮಿಂಚನಾಳ. ಅಪ್ಪನ ಒಂದು ನಿಯಮವಿತ್ತು: ಪ್ರತಿ ನಿಲ್ದಾಣದಲ್ಲಿಯೂ ಫಲಕವನ್ನು ಗಟ್ಟಿಯಾಗಿ ಓದಬೇಕು. “ಏನ್ ಬರದಾರ ಓದು ನೋಡೋಣ,” ಎನ್ನುವರು. ನಾನು ಕನ್ನಡದ ಒತ್ತಕ್ಷರ ಕಲಿತುದು ಪುಸ್ತಕದಿಂದಲೋ ‘ಮಿಂಚನಾಳ’, ‘ಕಡ್ಲಿಮಟ್ಟಿ’, ‘ಮುಗಳೊಳ್ಳಿ’ಗಳಿಂದಲೋ ಹೇಳುವುದು ಕಷ್ಟ. ನಮ್ಮ ಊರ ಕಡೆ ಅಂಗಡಿ, ಕಚೇರಿಗಳ ಫಲಕಗಳಲ್ಲಿ ಕಾಣುತ್ತಿದ್ದುದು ದೇವನಾಗರಿ. ಶಾಲೆಯ ಗೋಡೆಯ ಹೊರಗೆ, ಬಯಲಿನಲ್ಲಿ, ದೊಡ್ಡದಾಗಿ ಬರೆದ ಕನ್ನಡವನ್ನು ನಾನು ಮೊದಲು ಕಂಡುದು ಭೀಮೆಯಾಚೆಯ ಈ ನಿಲ್ದಾಣಗಳಲ್ಲಿ.

ನಿಂಬಾಳ ಬಂದಾಗ ಡಬ್ಬಿಯಲ್ಲಿ ಕೆಲವರು ಕೈಮುಗಿಯುತ್ತಿದ್ದರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಗುರುದೇವ ರಾ. ದ. ರಾನಡೆಯವರು ಆಶ್ರಮ ಕಟ್ಟಿಕೊಂಡು ನೆಲೆಸಿದುದೂ 1957ರಲ್ಲಿ ದೇಹವಿಟ್ಟುದೂ ಅಲ್ಲಿಯೇ. ದೂರದೂರದ ಸಾಧಕರು ಆ ಚಿಕ್ಕ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಅನಂತರ ಮಕ್ಕಳೆಲ್ಲರೂ ಕಾಯುತ್ತಿದ್ದುದು ಗೋಳಗುಮ್ಮಟಕ್ಕಾಗಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಆ ಸಮಾಧಿಯ ಗುಮ್ಮಟವು ಬಯಲು ಸೀಮೆಯಲ್ಲಿ ಬಹು ದೂರದಿಂದಲೇ ಕಾಣುತ್ತದೆ. ಯಾರು ಮೊದಲು ಕಂಡರೋ ಅವರಿಗೆ ಅವ್ವ ಒಂದು ಉಂಡಿ ಹೆಚ್ಚು ಕೊಡುತ್ತಿದ್ದಳು.

ವಿಜಾಪುರದಿಂದ ಮುಂದೆ ಡೋಣಿ ಸೀಮೆಯ ಕರಿಮಣ್ಣಿನ ಬಯಲು. ಮುಳವಾಡ, ಕೂಡಗಿ, ವಂದಾಲಗಳು ಕಳೆದು ಆಲಮಟ್ಟಿ. ಅಲ್ಲಿಂದ ಸೀತಿಮನಿಗೆ ಹೋಗುವ ನಡುವೆ ಕೃಷ್ಣೆಯ ಉದ್ದನೆಯ ಸೇತುವೆ. ಗಾಡಿಯ ಸಪ್ಪಳವೇ ಬದಲಾಗುತ್ತಿತ್ತು. ಹೆಂಗಸರೆಲ್ಲ ಎದ್ದು ನಿಂತು ಹೊಳೆಗೆ ಕೈಮುಗಿದು, ಕಿಟಕಿಯಿಂದ ಕಾಸು ಎಸೆಯುತ್ತಿದ್ದರು. 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ ಬಂದ ಮೇಲೆ ಕೆಲವು ವರ್ಷ ಹಳೆಯ ದುಡ್ಡು, ಹೊಸ ಪೈಸೆ ಎರಡೂ ಚಲಾವಣೆಯಲ್ಲಿದ್ದವು. ಹೊಳೆವ್ವಗೆ ಯಾವುದನ್ನು ಹಾಕುವುದೆಂಬ ಚರ್ಚೆ ಡಬ್ಬಿಯಲ್ಲಿ ನಡೆದುದು ನೆನಪಿದೆ. ಸಂಜೆಯ ಹೊತ್ತಿಗೆ ಬಾಗಲಕೋಟೆ. ಟಾಂಗಾ ಹಿಡಿದು ಕಿಲ್ಲಾ ಓಣಿಯ ಮನೆ ಮುಟ್ಟಿದರೆ ಅಜ್ಜಿ ಕಟ್ಟೆಯ ಮೇಲೆಯೇ ಕುಳಿತಿರುತ್ತಿದ್ದಳು. “ಬಂದ್ರೇನ ಯವ್ವಾ, ಗಾಡಿ ತಡಾ ಆತೇನ?” ಎಂಬುದು ವರ್ಷ ವರ್ಷದ ಅವಳ ಮೊದಲ ಮಾತು.

ಗಡಿ ಒಂದು ಕಡೆ, ಹಳಿ ಇನ್ನೊಂದು ಕಡೆ

ಬ್ರಿಟಿಷರ ಕಾಲದಲ್ಲಿ ಸೊಲ್ಲಾಪುರ, ವಿಜಾಪುರ ಎರಡೂ ಮುಂಬಯಿ ಪ್ರಾಂತದ ಜಿಲ್ಲೆಗಳು. ನಡುವೆ ಅಕ್ಕಲಕೋಟೆ, ಜತ್ತಗಳಂಥ ಸಂಸ್ಥಾನಗಳಿದ್ದವು. 1948ರಲ್ಲಿ ಅವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಆದ್ದರಿಂದ ನಮ್ಮ ಅಜ್ಜಂದಿರ ಕಾಲಕ್ಕೆ ಹೊಟಗಿಯಿಂದ ಬಾಗಲಕೋಟೆಗೆ ಹೆಣ್ಣು ಕೊಡುವುದು, ತರುವುದು ಹೊರರಾಜ್ಯದ ಸಂಬಂಧವಾಗಿರಲಿಲ್ಲ. 1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಸೊಲ್ಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿದು 1960ರ ಮೇ 1ರಂದು ಮಹಾರಾಷ್ಟ್ರದ ಭಾಗವಾಯಿತು. ಒಂದೇ ರಾತ್ರಿಯಲ್ಲಿ ಭೀಮೆಯ ಸೇತುವೆ ರಾಜ್ಯದ ಗಡಿಯಾಯಿತು. ಅವ್ವನ ತವರು ಬೇರೆ ರಾಜ್ಯವಾಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ, 1967ರ ಅದರ ವರದಿ, ಅನಂತರದ ವಾದವಿವಾದಗಳು ಓದುಗರಿಗೆ ತಿಳಿದೇ ಇವೆ. ಆ ಚರ್ಚೆ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ.

ನಾನು ಗಮನ ಸೆಳೆಯಬಯಸುವುದು ಬೇರೊಂದು ಸಂಗತಿಯತ್ತ. ರಾಜ್ಯಗಳ ಗಡಿ ಹೀಗೆ ಬಲವಾಗುತ್ತಿದ್ದ ಕಾಲದಲ್ಲಿಯೇ ರೈಲಿನ ಗಡಿಗಳು ಇನ್ನೊಂದು ದಿಕ್ಕಿನಲ್ಲಿ ಚಲಿಸಿದವು. 1951ರಲ್ಲಿ ದೊಡ್ಡ ಗಾಡಿಯು ಮಧ್ಯ ರೈಲ್ವೆಗೂ ಸಣ್ಣ ಗಾಡಿಯು ದಕ್ಷಿಣ ರೈಲ್ವೆಗೂ ಸೇರಿದ್ದವು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಸ್ಥಾಪಿತವಾದಾಗ ಸೊಲ್ಲಾಪುರ ವಿಭಾಗ, ಹುಬ್ಬಳ್ಳಿ ವಿಭಾಗ ಎರಡೂ ಸಿಕಂದರಾಬಾದಿನ ಒಂದೇ ಕಚೇರಿಯ ಕೈಕೆಳಗೆ ಬಂದವು. 1977ರಲ್ಲಿ ಸೊಲ್ಲಾಪುರ ವಿಭಾಗವು ಮಧ್ಯ ರೈಲ್ವೆಗೆ ಮರಳಿತು. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರವಾಯಿತು. ಈ ಬದಲಾವಣೆಗಳ ನಡುವೆ ಪ್ರಯಾಣಿಕರು ಮಾತ್ರ ಎಂದಿನಂತೆ ಹೊಟಗಿಯಲ್ಲಿ ಇಳಿದು ಹತ್ತುತ್ತಲೇ ಇದ್ದರು. ಸೊಲ್ಲಾಪುರದ ಗಿರಣಿಗಳಲ್ಲಿ ದುಡಿಯುವ ಇಂಡಿ, ಸಿಂದಗಿ ಕಡೆಯವರು ಹಬ್ಬಕ್ಕೆ ಊರಿಗೆ ಹೋಗುತ್ತಿದ್ದುದು ಇದೇ ಗಾಡಿಯಲ್ಲಿ. ಸಂಕ್ರಾಂತಿಯ ಸಿದ್ಧರಾಮೇಶ್ವರರ ಗಡ್ಡದ ಜಾತ್ರೆಗೆ ಅವರ ಬಂಧುಗಳು ಬರುತ್ತಿದ್ದುದೂ ಇದೇ ಗಾಡಿಯಲ್ಲಿ. ಬರಗಾಲದ ವರ್ಷಗಳಲ್ಲಿ ಗಂಟುಮೂಟೆ, ಬೀಸುಕಲ್ಲು, ಕೂಸುಗಳೊಂದಿಗೆ ಗುಳೆ ಹೊರಟ ಕುಟುಂಬಗಳು ಡಬ್ಬಿಯ ಬಾಗಿಲ ಬಳಿ ಮುದುಡಿ ಕುಳಿತುದನ್ನು ನಾನು ನೋಡಿದ್ದೇನೆ. ಅವ್ವ ಅಂಥ ಪ್ರಯಾಣದಲ್ಲಿ ಅಜ್ಜಿಗೆಂದು ಕಟ್ಟಿದ ಹೋಳಿಗೆಯ ಗಂಟನ್ನೂ ಬಿಚ್ಚಿ ಹಂಚಿದ್ದುಂಟು. ಬರ ನಿವಾರಣೆಗೆಂದು ಹಾಕಿದ ಹಳಿಯ ಮೇಲೆಯೇ, ಎಂಬತ್ತು ವರ್ಷಗಳ ಬಳಿಕ, ಜನ ಬರದಿಂದ ಓಡಿಹೋಗುತ್ತಿದ್ದರು.

ಭಾಷೆ ಉಳಿದ ದಾರಿ

ಬಾಗಲಕೋಟೆಯ ಆ ಒಂದೂವರೆ ತಿಂಗಳಲ್ಲಿ ನಮ್ಮ ಬಾಯಿ ಬದಲಾಗುತ್ತಿತ್ತು. ನಮ್ಮ ಊರಲ್ಲಿ ನಾವು ಶಾಲೆಗೆ ‘ಶಾಳಾ’ ಎನ್ನುತ್ತಿದ್ದೆವು, ಅಲ್ಲಿ ಅದು ‘ಸಾಲಿ’. ಮನೆಗೆ ಬಂದ ನೆಂಟರು ನಮಗೆ ‘ಪಾವಣೇರು’, ಅಲ್ಲಿಯವರಿಗೆ ‘ಬೀಗರು’. ಸೋದರಮಾವನ ಹೆಂಡತಿಯನ್ನು ನಾವು ‘ಮಾಮಿ’ ಎಂದು ಕರೆದರೆ ಓಣಿಯ ಮಕ್ಕಳು ನಗುತ್ತಿದ್ದರು. ವಾರದೊಳಗೆ ಅವಳು ‘ಅತ್ತಿ’ಯಾಗುತ್ತಿದ್ದಳು. ರಾತ್ರಿ ಮಾಳಿಗೆಯ ಮೇಲೆ ಅಜ್ಜಿ ಹೇಳುತ್ತಿದ್ದ ಕಥೆ, ಒಡಪು, ನಸುಕಿನಲ್ಲಿ ಅತ್ತಿಯರು ಹಾಡುತ್ತಿದ್ದ ಬೀಸುವ ಪದ ಇವೆಲ್ಲ ನಮ್ಮೊಂದಿಗೆ ಗಾಡಿ ಹತ್ತಿ ಬರುತ್ತಿದ್ದವು. ಮರಾಠಿಯನ್ನು ನಾವು ದ್ವೇಷಿಸಿದವರಲ್ಲ. ಅದು ನಮ್ಮ ನೆರೆಯವರ ಮಾತು, ಸಂತೆಯ ಮಾತು, ಕಚೇರಿಯ ಮಾತು, ಅದರಲ್ಲಿಯೂ ನಮಗೆ ಸರಾಗ ನಡೆಯುತ್ತಿತ್ತು. ಆದರೆ ಕನ್ನಡದಲ್ಲಿ ನಗುವುದು, ಮುನಿಯುವುದು, ಗೋಳಾಡುವುದು ಹೇಗೆಂಬುದನ್ನು ನಾವು ಕಲಿತುದು ಅವ್ವನ ತವರಿನಲ್ಲಿ.

ಮುಂದೆ ಮೂರು ದಶಕಗಳಿಗಿಂತ ಹೆಚ್ಚು ಕಾಲ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕೆಲಸ ಮಾಡಿದಾಗ ಇದೇ ಸಂಗತಿ ನನ್ನ ಅನುಭವಕ್ಕೆ ಮತ್ತೆ ಮತ್ತೆ ಬಂದಿತು. ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆಗಳಿವೆ, ಅವುಗಳಿಗೆ 1967ರಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿಯೇ ಪಠ್ಯಪುಸ್ತಕಗಳನ್ನು ಒದಗಿಸುತ್ತ ಬಂದಿದೆ. ಇದು ಸಂತೋಷದ ವಿಷಯ. ಆದರೂ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಸೂಟಿಯನ್ನು ಇಂಡಿಯಲ್ಲೋ ಬಾಗೇವಾಡಿಯಲ್ಲೋ ಅಜ್ಜಿಯ ಮನೆಯಲ್ಲಿ ಕಳೆದು ಬಂದ ಮಕ್ಕಳನ್ನು ಅವರ ಮಾತಿನಿಂದಲೇ ಗುರುತಿಸಬಹುದಾಗಿತ್ತು. ಪ್ರಬಂಧ ಬರೆಯಲು ಹೇಳಿದರೆ ಅವರ ಹಾಳೆ ತುಂಬುತ್ತಿತ್ತು. ಉಳಿದವರು ಪದಕ್ಕಾಗಿ ತಡಕಾಡುತ್ತಿದ್ದರು. ಪುಸ್ತಕ ಇಬ್ಬರಿಗೂ ಒಂದೇ, ಶಿಕ್ಷಕನೂ ಒಬ್ಬನೇ. ವ್ಯತ್ಯಾಸ ಅಜ್ಜಿಯ ಮನೆಯದು.

ಮಾರ್ಪಟ್ಟ ದಾರಿ

ಮೂರನೆಯ ದರ್ಜೆ 1974ರಲ್ಲಿ ರದ್ದಾಯಿತು. ಕಲ್ಲಿದ್ದಲಿನ ಎಂಜಿನ್‌ಗಳು ಹೋಗಿ ಡೀಸೆಲ್ ಬಂದಿತು. ಸೊಲ್ಲಾಪುರದ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಪೂರ್ಣಗೊಂಡಾಗ ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಹಳೆಯ ಬಾಗಲಕೋಟೆಯ ಒಂದು ಭಾಗವನ್ನು ಆಕ್ರಮಿಸಿತು. ಜನರು ನವನಗರಕ್ಕೆ ಹೋದರು. ಅಜ್ಜಿ ಕುಳಿತುಕೊಳ್ಳುತ್ತಿದ್ದ ಕಟ್ಟೆ ಈಗಿಲ್ಲ. ಬರದ ಸೀಮೆಗೆ ನೀರು ಬಂದುದು ಮಹದುಪಕಾರವೇ. ಹೊಲಗಳಿಗೆ ನೀರು ಹರಿದುದನ್ನು ಕಂಡು ಸಂತೋಷಪಟ್ಟವರಲ್ಲಿ ನಮ್ಮ ಸೋದರಮಾವನೂ ಒಬ್ಬರು. ಮನೆ ಬಿಟ್ಟ ದಿನ ಅತ್ತವರೂ ಅವರೇ.

ಈ ಶತಮಾನದ ಮೊದಲ ದಶಕದಲ್ಲಿ ಹೊಟಗಿ–ಗದಗ ಮಾರ್ಗವೆಲ್ಲ ಬ್ರಾಡ್‌ಗೇಜ್ ಆಯಿತು. ಈಗ ಅಳತೆಯ ಕಾರಣಕ್ಕಾಗಿ ಹೊಟಗಿಯಲ್ಲಿ ಯಾರೂ ಇಳಿಯಬೇಕಾಗಿಲ್ಲ, ಹಮಾಲರ ಬೆನ್ನ ಮೇಲಿನ ಹೊರೆಯೂ ಇಳಿಯಿತು. ಸೌಕರ್ಯ ಹೆಚ್ಚಿದೆ, ವೇಗ ಹೆಚ್ಚಿದೆ. ಇದನ್ನು ಅಲ್ಲಗಳೆದು ಹಿಂದಿನದೇ ಚೆಂದವಿತ್ತು ಎನ್ನುವ ಜಾಯಮಾನ ನನ್ನದಲ್ಲ. ಕಟ್ಟಿಗೆಯ ಬೆಂಚಿನ ಮೇಲೆ ಹಗಲಿಡೀ ಕುಳಿತವರಿಗೆ ಅದರ ನೋವು ಗೊತ್ತು.

ಚಿಂತೆಯ ವಿಷಯ ಇಷ್ಟೇ: ದಾರಿ ಸುಗಮವಾದಂತೆಲ್ಲ ಹೋಗುವವರು ಕಡಿಮೆಯಾಗಿದ್ದಾರೆ. ಮಕ್ಕಳ ಬೇಸಿಗೆಯ ಸೂಟಿ ಶಿಬಿರಗಳಲ್ಲಿ, ಮುಂದಿನ ತರಗತಿಯ ಪೂರ್ವತಯಾರಿಯಲ್ಲಿ ಮುಗಿದುಹೋಗುತ್ತದೆ. ಭೀಮೆಯಾಚೆಗೆ ಹೆಣ್ಣು ಕೊಟ್ಟು ತರುವ ಸಂಬಂಧಗಳೂ ನಮ್ಮ ಬಳಗಗಳಲ್ಲಿ ಮೊದಲಿನಷ್ಟಿಲ್ಲ. ಹೋದರೂ ಎರಡು ದಿನದ ಭೇಟಿ, ಕಾರಿನಲ್ಲಿ ಹೋಗಿ ಕಾರಿನಲ್ಲಿ ಬರುವುದು. ನೂರಿಪ್ಪತ್ತು ವರ್ಷ ನಮ್ಮ ಭಾಷೆಗೆ ನೀರೆರೆದ ಒಂದು ಕಾಲುವೆ ಹೀಗೆ ಸದ್ದಿಲ್ಲದೆ ಬತ್ತುತ್ತಿದೆ.

ಆದ್ದರಿಂದ ನಮ್ಮ ಸಂಘದ ಸದಸ್ಯ ಬಾಂಧವರಲ್ಲಿ, ಅದರಲ್ಲಿಯೂ ಯುವಕ ಯುವತಿಯರಲ್ಲಿ, ಒಂದು ವಿನಂತಿ. ರೈಲ್ವೆಯ ಇತಿಹಾಸ ಕಚೇರಿಗಳ ಕಡತಗಳಲ್ಲಿದೆ, ಅದಕ್ಕೆ ನಮ್ಮ ಅಗತ್ಯವಿಲ್ಲ. ಆದರೆ ಯಾವ ಮನೆಯ ಸೊಸೆ ಯಾವ ನಿಲ್ದಾಣದಲ್ಲಿ ಗಾಡಿ ಹತ್ತಿ ಬಂದಳು, ಯಾವ ವರ್ಷ ಬಂದಳು, ಬರುವಾಗ ಯಾವ ಹಾಡು, ಯಾವ ಒಡಪು, ಯಾವ ಅಡುಗೆ ತಂದಳು ಎಂಬುದು ಯಾವ ಕಡತದಲ್ಲಿಯೂ ಇಲ್ಲ. ಅದು ಎಂಬತ್ತು ದಾಟಿದ ನಮ್ಮ ಅಕ್ಕಂದಿರ, ಅತ್ತಿಗೆಯರ ನೆನಪಿನಲ್ಲಿ ಮಾತ್ರ ಇದೆ. ಪ್ರತಿ ಮನೆಯವರೂ ಇಂಥ ಒಂದು ಪುಟವನ್ನು ಬರೆದು ಸಂಘಕ್ಕೆ ಕೊಟ್ಟರೆ, ಹಳಿಯ ಗುಂಟ ಊರೂರುಗಳನ್ನು ಜೋಡಿಸುವ ಬಳಗದ ನಕ್ಷೆಯೊಂದು ಸಿದ್ಧವಾಗುತ್ತದೆ. ಅದು ಗಡಿನಾಡ ಕನ್ನಡದ ಇತಿಹಾಸಕ್ಕೆ ಶಾಸನಗಳಷ್ಟೇ ಬೆಲೆಯುಳ್ಳ ದಾಖಲೆಯಾದೀತು.

ಎರಡನೆಯದು ಇನ್ನೂ ಸುಲಭವಾದ ಕೆಲಸ. ಬರುವ ಬೇಸಿಗೆಯಲ್ಲಿ ಮಕ್ಕಳನ್ನು ಭೀಮೆಯಾಚೆಯ ಬಂಧುಗಳ ಮನೆಗೆ ಕನಿಷ್ಠ ಹದಿನೈದು ದಿನ ಕಳಿಸಿರಿ. ಸಾಧ್ಯವಾದರೆ ರೈಲಿನಲ್ಲಿಯೇ, ಹಗಲಿನ ಗಾಡಿಯಲ್ಲಿ ಕರೆದೊಯ್ಯಿರಿ. ಕಿಟಕಿಯ ಬದಿಗೆ ಕೂಡಿಸಿ, ಪ್ರತಿ ನಿಲ್ದಾಣದಲ್ಲಿಯೂ ಫಲಕವನ್ನು ಗಟ್ಟಿಯಾಗಿ ಓದಿಸಿರಿ.